ಆಸ್ಪತ್ರೆ ಅಂಗಳದ ಹೊಂಗೆ ಕಟ್ಟೆ: ಕೆಲಸ ಎಲ್ಲಿಗೆ ಬಂತು

ತಾಲ್ಲೂಕು ಆಸ್ಪತ್ರೆಯ ಹೊರರೋಗಿ ವಿಭಾಗದ ಎದುರು, ಹೊಂಗೆ ಮರದ ಸುತ್ತ 9 ಮೀಟರ್ ಉದ್ದ, 6 ಮೀಟರ್ ಅಗಲದ ಜಾಗ. ಸರದಿಗೆ ಕಾಯುವವರು ಕೂರಲು ಇಲ್ಲಿ ಕಟ್ಟೆ ಕಟ್ಟುತ್ತಿದ್ದೇವೆ. ನೆಲ, ರ‍್ಯಾಂಪ್ ಮುಗಿದಿವೆ. ಆಸನದ ಚಪ್ಪಡಿ ಕೂರಿಸುವ ಕೆಲಸ ಅರ್ಧಕ್ಕೆ ಬಂದಿದೆ.

ನೆಲ

ಮರಳಿನ ಮೇಲೆ ಜೋಡಿಸುವ ಇಂಟರ್‌ಲಾಕ್ ಬ್ಲಾಕು ಹಾಕಲಿಲ್ಲ. ಅಂಚುಕಲ್ಲು ಗಟ್ಟಿಯಿಲ್ಲದಿದ್ದರೆ ಮಳೆನೀರು ಅಡಿಯ ಮರಳನ್ನು ಕೊಚ್ಚಿಕೊಂಡು ಹೋಗಿ ಬ್ಲಾಕುಗಳು ಒಂದೊಂದಾಗಿ ಕುಸಿಯುತ್ತವೆ. 6 ಮಿ.ಮೀ. ಏರುಪೇರಾದರೂ ಗಾಲಿಕುರ್ಚಿಯ ಮುಂದಿನ ಚಿಕ್ಕ ಚಕ್ರ ತಡವರಿಸುತ್ತದೆ, ಊರುಗೋಲಿನ ತುದಿ ಸಿಕ್ಕಿಕೊಳ್ಳುತ್ತದೆ. ಬದಲಿಗೆ 150 ಮಿ.ಮೀ. ಜಲ್ಲಿ ದಮ್ಮಸ್ಸು, 100 ಮಿ.ಮೀ. ಕಾಂಕ್ರೀಟ್, ಅದರ ಮೇಲೆ ಗಾರೆಯಲ್ಲಿ ಫ್ಲೇಮ್ಡ್ ಮಾಡಿದ, ಅಂದರೆ ಬೆಂಕಿ ಹಾಯಿಸಿ ಮೈ ಒರಟು ಮಾಡಿದ, ಸಾದರಹಳ್ಳಿ ಕಲ್ಲು (ಬೂದು ಗ್ರಾನೈಟ್). ಪಾಲಿಶ್ ಕಲ್ಲು ಇಲ್ಲಿ ಖಂಡಿತ ಬೇಡ. ಹೊಂಗೆ ಹೂ ಉದುರುವ ಕಾಲಕ್ಕೇ ಮುಂಗಾರಿಗೆ ಮುಂಚಿನ ಮಳೆ ಬರುತ್ತದೆ, ನುಣುಪು ಕಲ್ಲಿನ ಮೇಲೆ ಒದ್ದೆ ಹೂವೆಂದರೆ ಜಾರಿ ಬೀಳುವುದೇ. ನೀರು ಹರಿಯಲು 1:50 ಇಳಿಜಾರು (50 ಮೀಟರ್ ಉದ್ದಕ್ಕೆ ಒಂದು ಮೀಟರ್ ಇಳಿತ) ಸಾಕು. ಅದಕ್ಕಿಂತ ಹೆಚ್ಚಾದರೆ ಬ್ರೇಕ್ ಹಾಕದ ಕುರ್ಚಿ ತಾನಾಗಿಯೇ ಸರಿಯುತ್ತದೆ.

ರ‍್ಯಾಂಪ್ ಏರಬೇಕಿದ್ದುದು 300 ಮಿ.ಮೀ. 1:12ರ ಲೆಕ್ಕದಲ್ಲಿ 3.6 ಮೀಟರ್ ಸಾಕಿತ್ತು. ಜಾಗವಿದ್ದುದರಿಂದ 1:15 ಇಟ್ಟು 4.5 ಮೀಟರ್ ಮಾಡಿದೆವು. ಕೆಳಗೂ ಮೇಲೂ 1500 ಮಿ.ಮೀ. ಚೌಕದ ಸಮತಟ್ಟು ಇದೆ.

ಮರ

ಕಾಂಡದ ಸುತ್ತ ಒಂದು ಮೀಟರ್ ಮಣ್ಣನ್ನು ಹಾಗೆಯೇ ಬಿಟ್ಟಿದೆ. ಕಟ್ಟೆ ಕಟ್ಟಿ ಒಳಗೆ ಮಣ್ಣು ತುಂಬಿಸುವ ಅಭ್ಯಾಸ ಎಲ್ಲೆಡೆ ಇದೆ. ಕಾಂಡದ ಬುಡ ಮುಚ್ಚಿದರೆ ತೊಗಟೆ ಕೊಳೆತು, ಬೇರಿಗೆ ಗಾಳಿಯಾಡದೆ, ಕೆಲವು ವರ್ಷಗಳಲ್ಲಿ ಮರವೇ ಸೊರಗುತ್ತದೆ. ನೆರಳು ಹೋದ ಮೇಲೆ ಕಟ್ಟೆ ಯಾರಿಗೆ? ದಪ್ಪ ಬೇರು ಸಿಕ್ಕ ಕಡೆ ಪಾಯ ತೋಡದೆ, ಆಚೀಚೆ ಗುಂಡಿ ತೆಗೆದು ಮೇಲೆ ಕಲ್ಲು ದಿಂಡು ಅಡ್ಡ ಹಾಕಿದೆ.

ಆಸನ

ಹಳೆ ಮಾದರಿಯ ಕಟ್ಟೆಯ ದೊಡ್ಡ ತೊಂದರೆ ಏಳುವಾಗ ಗೊತ್ತಾಗುತ್ತದೆ. ಮಂಡಿನೋವಿನವರು ಏಳಬೇಕಾದರೆ ಪಾದವನ್ನು ಮಂಡಿಗಿಂತ ಹಿಂದಕ್ಕೆ ಎಳೆದುಕೊಳ್ಳಬೇಕು. ಕಟ್ಟೆಯ ಮುಖ ನೆಟ್ಟಗೆ ಗೋಡೆಯಂತಿದ್ದರೆ ಹಿಮ್ಮಡಿ ಅದಕ್ಕೆ ತಾಗಿ ನಿಲ್ಲುತ್ತದೆ, ಏಳಲು ಇನ್ನೊಬ್ಬರು ಕೈ ಕೊಡಬೇಕಾಗುತ್ತದೆ. ಆದ್ದರಿಂದ 450 ಮಿ.ಮೀ. ಅಗಲ, 50 ಮಿ.ಮೀ. ದಪ್ಪದ ಚಪ್ಪಡಿಯನ್ನು ಗೋಡೆಯಿಂದ 125 ಮಿ.ಮೀ. ಮುಂದಕ್ಕೆ ಚಾಚಿದೆ. ಎತ್ತರ ನೆಲದಿಂದ 460 ಮಿ.ಮೀ. ಮಳೆನೀರು ನಿಲ್ಲದಂತೆ ಹಿಂದಕ್ಕೆ ತುಸು ವಾಟ ಕೊಟ್ಟು, ಬೆನ್ನುಕಲ್ಲಿನ ಬುಡದಲ್ಲಿ 10 ಮಿ.ಮೀ. ಸಂದು ಬಿಡಲಾಗಿದೆ.

ಕೈಯಾಸರೆ ಆಸನದಿಂದ 220 ಮಿ.ಮೀ. ಮೇಲೆ. ಅದು ಚಪ್ಪಡಿಯ ಮುಂದಿನ ಅಂಚಿನವರೆಗೂ ಬರಬೇಕು, ಏಳುವವರು ಒತ್ತುವುದು ತುದಿಯನ್ನೇ. ಆದರೆ ಕಂಬವನ್ನು ಅಂಚಿನಲ್ಲೇ ನೆಟ್ಟರೆ ಕಲ್ಲು ಸೀಳುತ್ತದೆ. ಕಂಬವನ್ನು 100 ಮಿ.ಮೀ. ಒಳಗಿಟ್ಟು ಹಿಡಿಯನ್ನಷ್ಟೇ ಮುಂದಕ್ಕೆ ಬಿಟ್ಟಿದೆ. ಎಕ್ಸ್‌ಪಾನ್ಷನ್ ಬೋಲ್ಟ್ ಬಿಗಿಯುವಾಗ ಹಿಗ್ಗುವುದರಿಂದ ತೆಳು ಚಪ್ಪಡಿಗೆ ಆಗುವುದಿಲ್ಲ. 16 ಮಿ.ಮೀ. ರಂಧ್ರದಲ್ಲಿ 12 ಮಿ.ಮೀ. ಸರಳು, ಸುತ್ತ ಎಪಾಕ್ಸಿ ಅಂಟು. ಕೊರೆದ ಪುಡಿಯನ್ನು ಪೂರ್ತಿ ಊದಿ ತೆಗೆಯದಿದ್ದರೆ ಎಪಾಕ್ಸಿ ಕಲ್ಲಿಗೆ ಕಚ್ಚುವುದಿಲ್ಲ.

ಎಲ್ಲ ಆಸನಕ್ಕೂ ಕೈಯಾಸರೆ ಬೇಡ. ಗಾಲಿಕುರ್ಚಿಯಿಂದ ಪಕ್ಕಕ್ಕೆ ಜರುಗಿ ಕೂರುವವರಿಗೆ ಒಂದು ಬದಿ ತೆರೆದಿರಬೇಕು. ಗಾಲಿಕುರ್ಚಿ ನಿಲ್ಲಿಸಲು ಎರಡು ಕಡೆ 900 × 1200 ಮಿ.ಮೀ. ಜಾಗವನ್ನು ಆಸನಗಳ ಸಾಲಿನಲ್ಲೇ ಬಿಟ್ಟಿದೆ. ಹಿಂದೆ ಬಿಟ್ಟರೆ ಕುರ್ಚಿಯಲ್ಲಿರುವವರು ಮನೆಯವರ ಬೆನ್ನು ನೋಡುತ್ತ ಕೂರಬೇಕಾಗುತ್ತದೆ.

ನೆಮ್ಮದಿ

ಆಸನಗಳೆಲ್ಲ ಬಾಗಿಲಿನತ್ತ ಓರೆಯಾಗಿವೆ. ಟೋಕನ್ ಕರೆದದ್ದು ತಪ್ಪೀತೆಂಬ ಭಯವಿದ್ದರೆ ಎಷ್ಟು ತಂಪು ನೆರಳಿದ್ದರೂ ಜನ ಬಂದು ಕೂರುವುದಿಲ್ಲ, ಬಾಗಿಲಲ್ಲೇ ನಿಲ್ಲುತ್ತಾರೆ. ಜನರೇಟರ್ ಇರುವ ಬದಿಗೆ ಬೆನ್ನು. ಎರಡು ಮೂಲೆಗಳಲ್ಲಿ ಆಸನಗಳು ಲಂಬಕೋನದಲ್ಲಿವೆ, ಸನ್ನೆಭಾಷೆಯಲ್ಲಿ ಮಾತಾಡುವವರಿಗೆ ಪರಸ್ಪರ ಕೈ ಕಾಣುತ್ತದೆ. ಗಿಡಗಳ ಪಟ್ಟಿಯಿಂದ ಕಣಗಿಲೆ ತೆಗೆದಾಯಿತು, ಅದು ವಿಷ, ಮಕ್ಕಳು ಎಲೆ ಬಾಯಿಗಿಡುತ್ತಾರೆ. ಮುಳ್ಳಿನ ಬೋಗನ್‌ವಿಲ್ಲಾ ಕಟ್ಟೆಯ ಹತ್ತಿರವೂ ಬೇಡ.

ಇನ್ನು ಬಾಕಿ: ಉಳಿದ ಚಪ್ಪಡಿ, ರ‍್ಯಾಂಪಿನ ಎರಡು ಬದಿಗೂ 700 ಮತ್ತು 900 ಮಿ.ಮೀ. ಎತ್ತರದಲ್ಲಿ ಹಿಡಿಕೊಳವೆ, ದೀಪ. ನೆಲದಲ್ಲಿ ಹುಗಿಯುವ ದೀಪ ಕುಳಿತವರ ಕಣ್ಣಿಗೇ ಹೊಡೆಯುತ್ತದೆ. 3 ಮೀಟರ್ ಕಂಬದ ಮೇಲೆ, ಕೆಳಮುಖವಾದ ಹಳದಿ ಬೆಳಕು ಹಾಕಲಿದ್ದೇವೆ.