ಹೆಂಗಸರು ಬರೆದ ಗೋಡೆ

ಕಳೆದ ಶನಿವಾರ ಸ್ಯಾನ್ ಫ್ರಾನ್ಸಿಸ್ಕೋ ಕೊಲ್ಲಿಯ ಏಂಜೆಲ್ ದ್ವೀಪದಲ್ಲಿ ಕಂಡ ಚೀನಿ ತಾಯಿ-ಮಗಳ ಮೇಲೆ ಬಂದ ಸಿಟ್ಟು ನನಗಿನ್ನೂ ಇಳಿದಿಲ್ಲ. ಅದರಲ್ಲಿ ಹೆಚ್ಚಿನ ಪಾಲು ಮಗಳ ಮೇಲಿನದು. 1910ರಿಂದ 1940ರವರೆಗೆ ಚೀನಾದಿಂದ ಬಂದವರನ್ನು ವಾರಗಟ್ಟಲೆ, ಕೆಲವೊಮ್ಮೆ ತಿಂಗಳುಗಟ್ಟಲೆ ಕೂಡಿಹಾಕಿ ವಿಚಾರಿಸುತ್ತಿದ್ದ ಆ ಬ್ಯಾರಕ್ಕಿನ ಮರದ ಗೋಡೆಗಳಲ್ಲಿ ಬಂದಿಗಳು ಕೆತ್ತಿದ ಕವಿತೆಗಳು ಇಂದಿಗೂ ಇವೆ. ಕಾಲೇಜು ವಯಸ್ಸಿನ ಆ ಮಗಳು ಇಂಗ್ಲಿಷ್ ಫಲಕಗಳನ್ನು ಓದಿ ಕಣ್ಣೊರೆಸಿಕೊಳ್ಳುತ್ತಿದ್ದಳು. ತಾಯಿ ಫಲಕದತ್ತ ತಿರುಗಲೇ ಇಲ್ಲ. ಗೋಡೆಯನ್ನೇ ಮೇಲಿನಿಂದ ಕೆಳಕ್ಕೆ, ಬಲದಿಂದ ಎಡಕ್ಕೆ ಓದುತ್ತ ಹೋದರು.

ಓದಿ ಮುಗಿಸಿದ ಮೇಲೆ ಮಾರ್ಗದರ್ಶಿಯನ್ನು ಅವರು ಹರುಕುಮುರುಕು ಇಂಗ್ಲಿಷಿನಲ್ಲಿ ಕೇಳಿದ್ದು ಒಂದೇ ಪ್ರಶ್ನೆ: “ಹೆಂಗಸರು ಬರೆದ ಗೋಡೆ ಎಲ್ಲಿ?” ಹೆಂಗಸರನ್ನು ಇರಿಸಿದ್ದ ಆಡಳಿತ ಕಟ್ಟಡ 1940ರಲ್ಲಿ ಬೆಂಕಿಗೆ ಆಹುತಿಯಾಯಿತು, ಅವರು ಬರೆದಿದ್ದರೂ ಏನೂ ಉಳಿದಿಲ್ಲ ಎಂದು ಆತ ಹೇಳಿದ. “ಸರಿ” ಎಂದರು. ಫೋಟೋ ತೆಗೆಯುತ್ತಿದ್ದ ಮಗಳ ಕಿವಿಗೆ ಇದು ಬೀಳಲಿಲ್ಲ. ಅವಳು ಬಂದು, “ಇಷ್ಟೆಲ್ಲ ನೋಡಿಯೂ ನಿನಗೆ ಏನೂ ಅನ್ನಿಸಲಿಲ್ಲವೇನಮ್ಮಾ?” ಎಂದಳು. “ಅಕ್ಷರ ಚೆನ್ನಾಗಿದೆ. ದೋಣಿ ಎಷ್ಟು ಗಂಟೆಗೆ?” ಎಂದರು ತಾಯಿ. “ಯಾವಾಗಲೂ ಇಷ್ಟೇ” ಎಂದು ಅವಳು ಹೊರನಡೆದಳು.

ಆ ಎರಡು ಪ್ರಶ್ನೆಗಳು, ಗೋಡೆ ಎಲ್ಲಿ ಎಂಬುದು ಮತ್ತು ಏನೂ ಅನ್ನಿಸಲಿಲ್ಲವೇ ಎಂಬುದು, ವಾರವೆಲ್ಲ ತಲೆಯಲ್ಲಿ ಸುತ್ತುತ್ತಿವೆ. ಅಮೆರಿಕದ 1875ರ ಪೇಜ್ ವಲಸೆ ಕಾಯ್ದೆ ಚೀನಿ ಹೆಂಗಸರು ಬರುವುದನ್ನೇ ಬಹುಮಟ್ಟಿಗೆ ತಡೆದಿತ್ತು. 1882ರ ಕಾಯ್ದೆ ಕೂಲಿಕಾರರಿಗೆ ಬಾಗಿಲು ಮುಚ್ಚಿತು. 1906ರ ಭೂಕಂಪದ ಬೆಂಕಿಯಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ಜನನ ದಾಖಲೆಗಳು ಸುಟ್ಟ ಮೇಲೆ, ತಾವು ಅಮೆರಿಕದಲ್ಲೇ ಹುಟ್ಟಿದವರೆಂದು ಹೇಳಿಕೊಂಡ ಚೀನೀಯರ ಮಕ್ಕಳೆಂದು ಎಷ್ಟೋ ಮಂದಿ ಸುಳ್ಳು ಕಾಗದ ಮಾಡಿಸಿಕೊಂಡು ಬಂದರು. ಊರಿನ ಮನೆಗೆ ಮೆಟ್ಟಿಲೆಷ್ಟು, ಬಾವಿ ಎಷ್ಟು ದೂರ ಎಂದೆಲ್ಲ ಕೇಳಿ, ಮನೆಯವರು ಕೊಟ್ಟ ಉತ್ತರಕ್ಕೆ ಇವರದು ತಾಳೆಯಾಗದಿದ್ದರೆ ಅಧಿಕಾರಿಗಳು ಮರಳಿ ಹಡಗು ಹತ್ತಿಸಬಹುದಿತ್ತು. ಹಾಗೆ ಬಂದ ಹಲವರು ತಮ್ಮ ನಿಜವಾದ ಮನೆತನದ ಹೆಸರನ್ನು ಹೆತ್ತ ಮಕ್ಕಳಿಗೂ ಹೇಳಲಿಲ್ಲ.

ಆದರೆ ಈ ತಾಯಿಗೆ ಬಹಳವೆಂದರೆ ಐವತ್ತೈದು ವರ್ಷ. 1965ರ ವಲಸೆ ಕಾಯ್ದೆ ಬಾಗಿಲು ತೆರೆದು ಎಷ್ಟೋ ಕಾಲವಾದ ಮೇಲೆ ವಿಮಾನದಲ್ಲಿ ಬಂದಿಳಿದವರ ಮೌನಕ್ಕೂ ಇತಿಹಾಸವೇ ಕಾರಣವೆನ್ನುವುದು ನಮ್ಮಂಥ ಓದಿದವರಿಗೆ ಅನುಕೂಲದ ವಿವರಣೆ, ಅಷ್ಟೆ. ಶನಿವಾರದ ಚೀನಿ ಶಾಲೆಯನ್ನು ಅರ್ಧಕ್ಕೇ ಬಿಟ್ಟೆನೆಂದು ಮಗಳು ಮಾರ್ಗದರ್ಶಿಯ ಮುಂದೆ ನಗುತ್ತ ಹೇಳಿದ್ದನ್ನು ತಾಯಿ ಕೇಳಿಸಿಕೊಂಡಿದ್ದರು. (ನಮ್ಮ ವಾರಾಂತ್ಯದ ಕನ್ನಡ ತರಗತಿಗಳ ಕಥೆಯೂ ಬೇರೆಯಲ್ಲ, ಬಿಡಿ.) ತಾನು ಓದಿದ್ದನ್ನು ಮಗಳು ಎಂದಿಗೂ ಓದಲಾರಳೆಂಬುದು ಗೊತ್ತಿರುವ ತಾಯಿ, ಅನ್ನಿಸಿದ್ದನ್ನು ಯಾವ ಭಾಷೆಯಲ್ಲಿ, ಎಲ್ಲಿಂದ ಹೇಳಲು ಶುರುಮಾಡಬೇಕಿತ್ತು? ಮಗಳದೂ ಸುಳ್ಳು ಹಸಿವಲ್ಲ. ಅಮ್ಮನ ಬಾಯಿಂದ ಒಂದಾದರೂ ಹಳೆಯ ಮಾತು ಬೀಳಲೆಂದೇ ಅವಳು ಅವರನ್ನು ಅಲ್ಲಿಯವರೆಗೆ ಕರೆತಂದಿರಬೇಕು. ಆದರೂ ಕಣ್ಣೀರು ಬಂದವರಿಗಷ್ಟೇ ಮನಸ್ಸಿದೆಯೆಂಬ ಅವಳ ಲೆಕ್ಕವನ್ನು ನಾನು ಒಪ್ಪಲಾರೆ.

ಮರಳುವ ದೋಣಿಯಲ್ಲಿ ಅವರ ಹಿಂದಿನ ಸಾಲಿನಲ್ಲೇ ಕುಳಿತಿದ್ದ ನನಗೆ, ನಿಮ್ಮಮ್ಮ ಅಲ್ಲಿ ಏನು ಕೇಳಿದರು ಗೊತ್ತೇ ಎಂದು ಆ ಹುಡುಗಿಗೆ ಹೇಳಿಬಿಡುವ ಆಸೆಯಾಯಿತು. ತಾಯಿಯೇ ಹೇಳದೆ ಇಟ್ಟುಕೊಂಡದ್ದನ್ನು ದಾರಿಹೋಕಳಾದ ನಾನು ಹೇಳುವುದು ಅಧಿಕಪ್ರಸಂಗವೆನ್ನಿಸಿ ಸುಮ್ಮನಿದ್ದೆ. ಈಗಲೂ ಹಾಗೆಯೇ ಅನ್ನಿಸುತ್ತದೆ.