ಸ್ಲೇಟರ್ ಹಡಗಿಗೆ ಹೋದರೆ ತೋಪಿನ ಮುಂದೆಯೇ ನಿಂತುಬಿಡಬೇಡಿ

ಹಾಸನ, ಚಿಕ್ಕಮಗಳೂರು ಕಡೆಯಿಂದ ಮಕ್ಕಳ ಮನೆಗೆಂದು ನ್ಯೂಜೆರ್ಸಿಗೆ ಹೋದ ಅಪ್ಪ ಅಮ್ಮಂದಿರಿಗೆ ನಯಾಗರಾ ದರ್ಶನ ತಪ್ಪಿದ್ದಲ್ಲ. ಹೋಗುವಾಗಲೋ ಬರುವಾಗಲೋ ನ್ಯೂಯಾರ್ಕ್ ರಾಜ್ಯದ ಆಲ್ಬನಿ ಮೇಲಿನ ದಾರಿ ಹಿಡಿದರೆ ಹಡ್ಸನ್ ನದಿಯಲ್ಲಿ ಯು.ಎಸ್.ಎಸ್. ಸ್ಲೇಟರ್ ನೋಡಲು ಸಿಗುತ್ತದೆ. ಎರಡನೇ ಮಹಾಯುದ್ಧದ ಡೆಸ್ಟ್ರಾಯರ್ ಎಸ್ಕಾರ್ಟ್ ಅದು. ಸರಕು ಹಡಗುಗಳ ಗುಂಪಿಗೆ ಬೆಂಗಾವಲಾಗಿ ಹೋಗುವುದು, ಸಬ್‌ಮರೀನ್ ಕಂಡರೆ ಬೆನ್ನು ಹತ್ತುವುದು ಅದರ ಕಸುಬು. ಅಮೆರಿಕ ಇಂಥವನ್ನು 563 ಕಟ್ಟಿತು. ಈಗ ಆ ದೇಶದಲ್ಲಿ ನೋಡಲು ಉಳಿದಿರುವುದು ಎರಡು: ಟೆಕ್ಸಾಸ್‌ನ ಗ್ಯಾಲ್ವೆಸ್ಟನ್‌ನಲ್ಲಿ ನೆಲಕ್ಕೆ ಹತ್ತಿಸಿ ನಿಲ್ಲಿಸಿರುವ ಸ್ಟೂವರ್ಟ್, ಇನ್ನೊಂದು ಇದು. ತೇಲುತ್ತಿರುವುದು ಇದೊಂದೇ.

ಬಂದವರೆಲ್ಲ 3 ಇಂಚಿನ ತೋಪಿನ ಮುಂದೆ ನಿಂತು ಫೋಟೋ ತೆಗೆಸಿಕೊಳ್ಳುತ್ತಾರೆ. ಹಡಗಿನಲ್ಲಿ ಇಂಥ ತೋಪು ಮೂರಿವೆ, ನೋಡಲೂ ಚೆನ್ನಾಗಿವೆ. ಆದರೆ ನೀರಿನೊಳಗೆ ಇಳಿದ ಸಬ್‌ಮರೀನನ್ನು ಅವು ಏನೂ ಮಾಡಲಾರವು. ಹಡಗು ಅರ್ಥವಾಗಬೇಕಾದರೆ ಸೀದಾ ಹಿಂಭಾಗಕ್ಕೆ ನಡೆಯಿರಿ. ಅಲ್ಲಿ ಹಳಿಗಳ ಮೇಲೆ ಸಾಲಾಗಿ ಮಲಗಿಸಿದ ಡ್ರಮ್ಮುಗಳಿವೆ, ಎರಡೂ ಅಂಚಿನಲ್ಲಿ ನಾಲ್ಕು ನಾಲ್ಕರಂತೆ ಎಂಟು ಕೆ-ಗನ್ ಇವೆ. ಡ್ರಮ್ಮುಗಳೇ ಡೆಪ್ತ್ ಚಾರ್ಜ್, ಗೊತ್ತುಮಾಡಿದ ಆಳಕ್ಕೆ ಇಳಿದಾಗ ಸಿಡಿಯುವ ಬಾಂಬು. ಹಳಿಯ ಮೇಲಿನವು ಉರುಳಿ ಹಡಗಿನ ಹಿಂದಕ್ಕೆ ಬೀಳುತ್ತವೆ, ಕೆ-ಗನ್ ಅವನ್ನೇ ಪಕ್ಕಕ್ಕೆ ಎಸೆಯುತ್ತದೆ.

ಮಾರ್ಕ್ 6 ಡೆಪ್ತ್ ಚಾರ್ಜಿನ ಲೆಕ್ಕ ಹಾಕಿ ನೋಡಿ. ಒಳಗೆ 300 ಪೌಂಡ್, ಅಂದರೆ 136 ಕೆ.ಜಿ. ಟಿ.ಎನ್.ಟಿ. ಸ್ಫೋಟಕ. ಮುಳುಗುವ ವೇಗ ಸೆಕೆಂಡಿಗೆ 8 ಅಡಿ. ಸಬ್‌ಮರೀನ್ 300 ಅಡಿ ಆಳದಲ್ಲಿದ್ದರೆ ಅಲ್ಲಿಗೆ ತಲುಪಲು ಹೆಚ್ಚುಕಡಿಮೆ 37 ಸೆಕೆಂಡ್ ಬೇಕು. ಅಷ್ಟರಲ್ಲಿ 4 ನಾಟ್ (ಗಂಟೆಗೆ ಸುಮಾರು 7.4 ಕಿ.ಮೀ.) ವೇಗದ ಸಬ್‌ಮರೀನ್ 75 ಮೀಟರ್ ಜರುಗಿರುತ್ತದೆ. ಅದರ ಒಡಲು ಒಡೆಯಬೇಕಾದರೆ ಸಿಡಿತ ಹತ್ತು ಮೀಟರಿಗೂ ಹತ್ತಿರ ಆಗಬೇಕು. ಇಷ್ಟು ಸಾಲದೆಂಬಂತೆ ಇನ್ನೊಂದು ತೊಡಕು: ಸದ್ದು ಕಳಿಸಿ ಪ್ರತಿಧ್ವನಿಯಿಂದ ನೀರೊಳಗಿನದನ್ನು ಪತ್ತೆಹಚ್ಚುವ ಸೋನಾರಿನ ಧ್ವನಿಕಿರಣ ಮುಂದಕ್ಕೆ ಚಾಚಿರುತ್ತದೆ. ಹಡಗು ಹತ್ತಿರಕ್ಕೆ ಬಂದಷ್ಟೂ ಆಳದಲ್ಲಿರುವ ಸಬ್‌ಮರೀನ್ ಆ ಕಿರಣದ ಕೆಳಗೆ ನುಸುಳಿಬಿಡುತ್ತದೆ. ಡ್ರಮ್ ಉರುಳಿಸುವ ಹೊತ್ತಿಗೆ ಸೋನಾರ್ ಕಿವಿಗೆ ಏನೂ ಕೇಳುತ್ತಿರುವುದಿಲ್ಲ. ಒಂದೇ ಸಲಕ್ಕೆ ಹಿಂದೆ, ಎಡಕ್ಕೆ, ಬಲಕ್ಕೆ ಚೆಲ್ಲುತ್ತಿದ್ದದ್ದು ಈ ಕಾರಣಕ್ಕೆ. ಸಿಡಿದ ಮೇಲಂತೂ ನೀರೆಲ್ಲ ಕಲಕಿ ಕೆಲವು ನಿಮಿಷ ಸೋನಾರ್ ಕೆಲಸಕ್ಕೆ ಬಾರದು.

ಹೆಜ್‌ಹಾಗ್ ಬಂದದ್ದು ಇದಕ್ಕೆ ಉತ್ತರವಾಗಿ. ಅದು ಮುಂಭಾಗದಲ್ಲಿದೆ. ಕಬ್ಬಿಣದ ಗೂಟಗಳ ಮೇಲೆ 24 ಬಾಂಬು ಸಿಕ್ಕಿಸಿರುತ್ತಾರೆ, ಒಂದೊಂದೂ ಸುಮಾರು 30 ಕೆ.ಜಿ. ಹಡಗಿನ ಮುಂದೆ ಇನ್ನೂರು ಚಿಲ್ಲರೆ ಮೀಟರ್ ದೂರಕ್ಕೆ ಹಾರಿ, ಸುಮಾರು 40 ಮೀಟರ್ ಅಗಲದ ಉಂಗುರದಂತೆ ಬೀಳುತ್ತವೆ. ಎಲ್ಲ ಒಟ್ಟಿಗೆ ಹಾರಿದರೆ ಡೆಕ್ ತಡೆಯುವುದಿಲ್ಲವೆಂದು ಕ್ಷಣದ ಅಂತರದಲ್ಲಿ ಜೋಡಿ ಜೋಡಿಯಾಗಿ ಹಾರಿಸುತ್ತಿದ್ದರು. ಇವು ಆಳ ನೋಡಿ ಸಿಡಿಯುವವಲ್ಲ, ತಗುಲಿದರೆ ಮಾತ್ರ ಸಿಡಿಯುವವು. ತಪ್ಪಿದರೆ ಸದ್ದೇ ಇಲ್ಲ, ಸೋನಾರ್ ಹಿಡಿತವೂ ತಪ್ಪುವುದಿಲ್ಲ. ಈ ಸದ್ದಿಲ್ಲದ್ದೇ ಮೊದಮೊದಲು ನಾವಿಕರಿಗೆ ಹಿಡಿಸಲಿಲ್ಲ. ಢಮ್ಮೆನ್ನದ ಆಯುಧವನ್ನು ನಂಬುವುದು ಹೇಗೆ? 1944ರ ಮೇ ತಿಂಗಳಲ್ಲಿ ಯು.ಎಸ್.ಎಸ್. ಇಂಗ್ಲೆಂಡ್ ಎಂಬ ಇದೇ ಜಾತಿಯ ಹಡಗು ಪೆಸಿಫಿಕ್‌ನಲ್ಲಿ 12 ದಿನದಲ್ಲಿ ಆರು ಜಪಾನಿ ಸಬ್‌ಮರೀನ್ ಮುಳುಗಿಸಿದ್ದು ಮುಖ್ಯವಾಗಿ ಹೆಜ್‌ಹಾಗ್‌ನಿಂದಲೇ.

ಡೆಪ್ತ್ ಚಾರ್ಜಿನ ಒಂದು ಬದಿಯಲ್ಲಿ ಆಳ ತಿರುಗಿಸಿ ಇಡುವ ಡಯಲ್ ಇದೆ. ಅದರಲ್ಲಿರುವ 'ಸೇಫ್' ಗುರುತನ್ನು ಗೈಡ್ ತೋರಿಸದಿದ್ದರೆ ಕೇಳಿ ನೋಡಿ. ಆಳ ಕಡಿಮೆಗೆ ಇಟ್ಟು ಹಡಗು ನಿಧಾನಕ್ಕೆ ಹೋಗುತ್ತಿದ್ದರೆ ಏಟು ಬೀಳುವುದು ತನ್ನದೇ ಹಿಂಭಾಗಕ್ಕೆ. ಅದಕ್ಕಿಂತ ಘೋರವಾದದ್ದು, ಟಾರ್ಪಿಡೊ ಬಡಿದು ಹಡಗೇ ಮುಳುಗುವಾಗ ಡಯಲ್‌ಗಳು ಸೇಫ್‌ನಲ್ಲಿ ಇಲ್ಲದಿರುವುದು. ನೀರಿಗೆ ಹಾರಿ ಈಜುತ್ತಿರುವವರ ಕೆಳಗೇ ಒಂದೊಂದಾಗಿ ಸಿಡಿಯುತ್ತವೆ. ಮುಳುಗುವ ಹಡಗನ್ನು ತೊರೆಯುವ ಮುಂಚೆ ಎಲ್ಲವನ್ನೂ ಸೇಫ್ ಮಾಡುವುದು ಗೊತ್ತುಮಾಡಿದ ನಾವಿಕನ ಕೆಲಸ. ಎಲ್ಲರೂ ಹಾರುತ್ತಿರುವಾಗ ಅವನು ಹಿಂದಕ್ಕೆ ಓಡಬೇಕು.

ಎಂಜಿನ್ ವಿಷಯ ಸಕಲೇಶಪುರದವರಿಗೆ ಬೇಗ ಹತ್ತುತ್ತದೆ. ಘಾಟಿಯಲ್ಲಿ ಗೂಡ್ಸ್ ಗಾಡಿಗಳನ್ನು ನೂಕಿದ ಡಬ್ಲ್ಯುಡಿಜಿ-4 ಡೀಸೆಲ್ ಎಂಜಿನ್ ಚಕ್ರವನ್ನು ನೇರ ತಿರುಗಿಸುವುದಿಲ್ಲ. ಡೀಸೆಲ್‌ನಿಂದ ಕರೆಂಟು, ಕರೆಂಟಿನಿಂದ ಮೋಟರು, ಮೋಟರಿನಿಂದ ಚಕ್ರ. ಸ್ಲೇಟರ್ ಕೂಡ ಹಾಗೆಯೇ. ಎರಡೂ ಮೂಲದಲ್ಲಿ ಜನರಲ್ ಮೋಟರ್ಸ್ ಮನೆತನದವು, ಎರಡೂ 16 ಸಿಲಿಂಡರಿನ ವಿ ಆಕಾರದ ಟೂ ಸ್ಟ್ರೋಕ್. ಸ್ಲೇಟರಿನಲ್ಲಿ 16-278ಎ ಮಾದರಿಯವು ನಾಲ್ಕಿವೆ. ಎರಡು ಪ್ರೊಪೆಲರಿಗೆ ಸೇರಿ 6,000 ಅಶ್ವಶಕ್ತಿ, 21 ನಾಟ್ ವೇಗ. ಆಗ ಈ ಏರ್ಪಾಡು ಆರಿಸಿಕೊಂಡದ್ದು ಷೋಕಿಗಲ್ಲ. ಸ್ಟೀಮ್ ಟರ್ಬೈನಿಗೆ ವೇಗ ತಗ್ಗಿಸಿ ಪ್ರೊಪೆಲರಿಗೆ ಮುಟ್ಟಿಸುವ ದೊಡ್ಡ ರಿಡಕ್ಷನ್ ಗೇರ್ ಬೇಕು, ಅದರ ಹಲ್ಲು ಕೊರೆಯುವ ಯಂತ್ರಗಳೆಲ್ಲ ದೊಡ್ಡ ಡೆಸ್ಟ್ರಾಯರುಗಳ ಗೇರಿಗೇ ಸಾಲುತ್ತಿರಲಿಲ್ಲ. ಕರೆಂಟು ನಡುವೆ ಬಂದರೆ ಗೇರಿನ ಹಂಗಿಲ್ಲ. ಜರ್ಮನಿಯ ಸಾಮಾನ್ಯ ಸಬ್‌ಮರೀನ್ ನೀರಿನ ಮೇಲೆ ಓಡುತ್ತಿದ್ದದ್ದು 17-18 ನಾಟ್, ಹಾಗಾಗಿ 21 ಸಾಕಿತ್ತು.

ಉದ್ದ 93 ಮೀಟರ್, ಅಗಲ 11 ಮೀಟರ್ ಚಿಲ್ಲರೆ. ಅದರಲ್ಲಿ 15 ಅಧಿಕಾರಿಗಳು, 201 ನಾವಿಕರು. ಮಲಗಲು ಪೈಪಿನ ಚೌಕಟ್ಟಿಗೆ ಕ್ಯಾನ್ವಾಸ್ ಬಿಗಿದು ಒಂದರ ಮೇಲೊಂದು ಮೂರು ಮಂಚ. ಸಮುದ್ರದಲ್ಲಿ ಈ ಹಡಗುಗಳ ಹೊಯ್ದಾಟ ಕುಖ್ಯಾತ. ಬ್ರಿಟನ್ನಿಗೆ ಕೊಟ್ಟ 78 ಹಡಗುಗಳಲ್ಲಿ ಅದಕ್ಕೆ ಕಂಡುಕೊಂಡ ಮದ್ದು ಸೊಗಸಾಗಿದೆ: ಇನ್ನಷ್ಟು ಡೆಪ್ತ್ ಚಾರ್ಜುಗಳನ್ನು ಮೇಲಿನ ಡೆಕ್ಕಿನಲ್ಲಿ ಇಟ್ಟರು. ತಳ ಭಾರವಾಗಿ ಸ್ಥಿರತೆ ಅತಿಯಾದರೆ ಹಡಗು ವಾಲಿದ ಕೂಡಲೇ ಜರ್ರನೆ ಎಳೆದು ನಿಲ್ಲುತ್ತದೆ, ಮನುಷ್ಯರು ಬಿದ್ದು ಮೂಳೆ ಮುರಿದುಕೊಳ್ಳುತ್ತಾರೆ. ಮೇಲೆ ತೂಕ ಏರಿಸಿದರೆ ತೂಗಾಟ ನಿಧಾನವಾಗುತ್ತದೆ. ತಳದಲ್ಲಿ ತೂಗಾಟ ತಗ್ಗಿಸುವ ಬಿಲ್ಜ್ ಕೀಲ್ ಪಟ್ಟಿಗಳನ್ನೂ ಅಗಲ ಮಾಡಿದರು.

ಕಾಫಿ ಸೀಮೆಯವರು ತಿಳಿದಿರಬೇಕಾದ ಒಂದು ಸಂಗತಿ. 1944ರ ಮೇ 6ರಂದು ಇದೇ ಜಾತಿಯ ಇನ್ನೊಂದು ಹಡಗು ಯು.ಎಸ್.ಎಸ್. ಬಕ್ಲಿ ಅಟ್ಲಾಂಟಿಕ್‌ನಲ್ಲಿ ಜರ್ಮನಿಯ ಯು-66 ಸಬ್‌ಮರೀನಿಗೆ ಡಿಕ್ಕಿ ಹೊಡೆದು ಅದರ ಮೇಲೆಯೇ ಏರಿ ಕೂತಿತು. ಜರ್ಮನರು ಬಕ್ಲಿಗೆ ಹತ್ತತೊಡಗಿದರು. ಬಕ್ಲಿಯ ನಾವಿಕರಲ್ಲಿ ಕೈಗೆ ಬಂದೂಕು ಸಿಗದವರು ಖಾಲಿ ತೋಟೆಗಳನ್ನೂ ಕಾಫಿ ಮಗ್‌ಗಳನ್ನೂ ಬೀಸಿ ಹೊಡೆದರು. ಆ ಮಗ್‌ಗೆ ಹಿಡಿಯೇ ಇಲ್ಲ, ಮಂದ ಪಿಂಗಾಣಿ. ನಮ್ಮ ಸ್ಟೀಲ್ ಲೋಟದಿಂದ ಈ ಕೆಲಸ ಆಗುತ್ತಿರಲಿಲ್ಲ.

ಸ್ಲೇಟರ್ ಎಂಬುದು ಅಲಬಾಮಾದ ನಾವಿಕ ಫ್ರಾಂಕ್ ಸ್ಲೇಟರ್ ಹೆಸರು. 1942ರ ನವೆಂಬರ್ 12ರಂದು ಪೆಸಿಫಿಕ್ ಸಾಗರದ ಗ್ವಾಡಲ್‌ಕೆನಾಲ್ ಬಳಿ, ಮೇಲೆ ಬಂದು ಬೀಳುತ್ತಿದ್ದ ವಿಮಾನಕ್ಕೆ ಕೊನೇ ಕ್ಷಣದವರೆಗೂ ಗುಂಡು ಹಾರಿಸುತ್ತಾ ಸತ್ತವನು. ಹಡಗು 1944ರ ಮೇ 1ರಂದು ಸೇವೆಗೆ ಸೇರಿತು. 1951ರಲ್ಲಿ ಗ್ರೀಸ್‌ಗೆ ಹೋಗಿ 'ಏತೋಸ್' ಎಂಬ ಹೆಸರಿನಲ್ಲಿ 1991ರವರೆಗೆ ದುಡಿಯಿತು. ಉಳಿದದ್ದೇ ಅದರಿಂದ. 1993ರಲ್ಲಿ ಹಳೇ ನಾವಿಕರ ಸಂಘ ಹಣ ಕೂಡಿಸಿ ಎಳೆಸಿ ತಂದಿತು, 1997ರಲ್ಲಿ ಆಲ್ಬನಿಗೆ ಬಂತು.

ಇನ್ನು ತುಕ್ಕು. ಯುದ್ಧ ಮುಗಿಯುವವರೆಗೆ ಬಾಳಿದರೆ ಸಾಕೆಂದು ಕಟ್ಟಿದ ಹಡಗು, ತಗಡು ಹೆಚ್ಚಿನ ಕಡೆ ಸೆಂಟಿಮೀಟರ್ ದಪ್ಪವೂ ಇಲ್ಲ. ಆಲ್ಬನಿ ಹತ್ತಿರ ಹಡ್ಸನ್ ಸಿಹಿನೀರು, ಅದು ಪುಣ್ಯ. ಆದರೆ ತಗಡಿನ ಬದಲು ತಾನು ಸವೆಯಲೆಂದು ತೂಗುಹಾಕುವ ಸತುವಿನ ಆನೋಡ್ ಸಿಹಿನೀರಿನಲ್ಲಿ ಮಂಕಾಗುತ್ತದೆ, ಮೆಗ್ನೀಸಿಯಂ ಬೇಕು. ಉಪ್ಪುನೀರಿನ ರೂಢಿಯಲ್ಲಿ ಸತುವನ್ನೇ ತೂಗುಹಾಕಿ ನಿಶ್ಚಿಂತೆಯಾಗಿ ಕೂರುವ ಹಾಗಿಲ್ಲ. ಅತಿ ಬೇಗ ತಿನ್ನಿಸಿಕೊಳ್ಳುವುದು ನೀರು ಗಾಳಿ ಎರಡೂ ತಾಗುವ ನೀರಿನ ಗೆರೆಯ ಪಟ್ಟಿ. ಆದರೆ ಹಳೇ ಹಡಗುಗಳಲ್ಲಿ ಎಷ್ಟೋ ತೂತು ಒಳಗಿನಿಂದ ಬೀಳುತ್ತವೆ: ಡೆಕ್ಕಿನ ಬಿರುಕಿನಲ್ಲಿ ಇಳಿದ ಮಳೆನೀರು ಬಿಲ್ಜಿನಲ್ಲಿ, ಅಂದರೆ ಹಡಗಿನ ತಳದ ಒಳಭಾಗದಲ್ಲಿ ನಿಂತು, ಕಣ್ಣಿಗೆ ಕಾಣದ ಮೂಲೆಯಲ್ಲಿ ತಿನ್ನುತ್ತದೆ.

ಕ್ರಮ ಹೀಗೆ. ಚಿಪ್ಪಿಂಗ್ ಸುತ್ತಿಗೆ ಅಥವಾ ನೀಡಲ್ ಗನ್‌ನಿಂದ ಹೊಳೆಯುವ ಲೋಹ ಕಾಣುವವರೆಗೆ ಕೆತ್ತಬೇಕು, ಎಣ್ಣೆಜಿಡ್ಡು ಒರೆಸಿ ತೆಗೆಯಬೇಕು, ಅದೇ ದಿನ ಪ್ರೈಮರ್ ಬಳಿಯಬೇಕು. ಒಂದು ರಾತ್ರಿ ಬಿಟ್ಟರೆ ಮತ್ತೆ ಕೆಂಪಡರುತ್ತದೆ. ಅಂಚು, ವೆಲ್ಡಿಂಗ್ ಗೆರೆ, ಬೋಲ್ಟ್ ತಲೆಗಳಿಗೆ ಮೊದಲು ಬ್ರಷ್‌ನಿಂದ ಒಂದು ಕೈ. ಚೂಪಾದ ಅಂಚಿನಲ್ಲಿ ಪೇಂಟ್ ತೆಳುವಾಗಿ ಜಾರುವುದರಿಂದ ತುಕ್ಕು ಶುರುವಾಗುವುದೇ ಅಲ್ಲಿ. ಹಳೇ ಬಣ್ಣದಲ್ಲಿ ಸೀಸ ಇರುತ್ತದೆ, ಮಾಸ್ಕ್ ಇಲ್ಲದೆ ಕೆತ್ತಬಾರದು. (ಮೂಡಿಗೆರೆ ಮಳೆಯಲ್ಲಿ ನಿಂತ ಎಸ್ಟೇಟ್ ಗೇಟಿಗೂ ಇಷ್ಟೇ ವಿಧಿ.) ತಳಕ್ಕೆ ಡ್ರೈ ಡಾಕ್, ಅಂದರೆ ಹಡಗನ್ನು ನೀರಿನಿಂದ ಹೊರಗಿಟ್ಟು ರಿಪೇರಿ ಮಾಡುವ ಜಾಗ, ಬೇಕೇ ಬೇಕು. ಸ್ಲೇಟರ್ 2014ರಲ್ಲೂ 2020ರಲ್ಲೂ ಸ್ಟೇಟನ್ ಐಲೆಂಡಿನ ಡಾಕ್ ಹತ್ತಿತು. ಇಂಥಲ್ಲಿ ಅಲ್ಟ್ರಾಸೌಂಡ್ ಗೇಜಿನಿಂದ ಚೌಕ ಚೌಕವಾಗಿ ತಗಡಿನ ದಪ್ಪ ಅಳೆದು, ಸವೆದ ಕಡೆ ಕತ್ತರಿಸಿ ಹೊಸದು ಕೂರಿಸುವುದು ಸರಿಯಾದ ದಾರಿ. ಹಳೆಯದರ ಮೇಲೆ ತೇಪೆ ಬೆಸೆದರೆ ಅಗ್ಗ, ಆದರೆ ನಡುವೆ ತೇವ ಸಿಕ್ಕಿ ಎರಡೂ ಹೋಗುತ್ತವೆ.

ಹೋಗುವವರಿಗೆ: ಚಳಿಗಾಲದಲ್ಲಿ ನೋಡಲು ಬಿಡುವುದಿಲ್ಲ, ಹಡಗನ್ನೇ ಆಚೆ ದಡದ ರೆನ್ಸೆಲಿಯರ್‌ಗೆ ಸರಿಸುತ್ತಾರೆ. ಒಳಗಿನ ಏಣಿಗಳು ಕಡಿದು. ಇಳಿಯುವಾಗ ಏಣಿಗೆ ಮುಖ ಮಾಡಿ, ಎರಡೂ ಕೈ ಖಾಲಿ ಇಟ್ಟುಕೊಂಡು ಇಳಿಯಿರಿ. ಸೀರೆ ಬೇಡ, ಮಂಡಿನೋವಿನವರು ಮೇಲಿನ ಡೆಕ್ ನೋಡಿದರೂ ಹೆಜ್‌ಹಾಗ್, ಡೆಪ್ತ್ ಚಾರ್ಜ್ ಎರಡೂ ಸಿಗುತ್ತವೆ.

ಅಮೆರಿಕದ ಯೋಗ ಇಲ್ಲದವರಿಗೆ ಕಾರವಾರ ಇದೆ. ಪಂಚಗಂಗಾ ರೈಲು ಹಾಸನದ ಮೇಲೆಯೇ ಹೋಗುತ್ತದೆ. ಟಾಗೋರ್ ಕಡಲತೀರದಲ್ಲಿ ನಿಲ್ಲಿಸಿರುವ ಐ.ಎನ್.ಎಸ್. ಚಪಲ್ ಕ್ಷಿಪಣಿ ದೋಣಿ, ಅದರಲ್ಲಿ ಸಬ್‌ಮರೀನ್ ಬೇಟೆಯ ಸಾಮಾನು ಹುಡುಕಬೇಡಿ. ಪಕ್ಕದಲ್ಲಿ ನಿಂತಿರುವ ಟುಪೊಲೆವ್-142 ವಿಮಾನ ನೋಡಿ, ಆ ಕಸುಬು ಅದರದ್ದು.