ಆ ಎರಡೂ ಪಾಸಾಗಿದ್ದರೆ?

ನಾನು ಕೆಲಸ ಮಾಡುವುದು ಗುಣಮಟ್ಟ ಪರೀಕ್ಷೆ ವಿಭಾಗದಲ್ಲಿ. ಮಡಚುವ ಏಣಿಗಳಿಗೆ ಒಂದು ಲಾಕ್ ಇರುತ್ತದೆ. ಏಣಿ ಬಿಚ್ಚಿ ನಿಲ್ಲಿಸಿದಾಗ ಕಾಲುಗಳು ಜಾರದಂತೆ ಹಿಡಿಯುವ ಭಾಗ ಅದು. ಅದರ ಮೇಲೆ ಭಾರ ಹೇರಿ ತಡೆಯುತ್ತದಾ ಎಂದು ನೋಡುವುದು ನಮ್ಮ ಕೆಲಸ. ಒಂದು ಬ್ಯಾಚಿನಿಂದ 30 ಲಾಕ್ ತೆಗೆಯುತ್ತೇವೆ. ಒಂದೊಂದನ್ನೂ ಫಿಕ್ಸ್ಚರಿಗೆ, ಅಂದರೆ ಲಾಕನ್ನು ಅಲ್ಲಾಡದಂತೆ ಹಿಡಿಯುವ ಚೌಕಟ್ಟಿಗೆ, ಬಿಗಿದು ಲೋಡ್ ಕೊಡುತ್ತೇವೆ. ಎಲ್ಲ ತಡೆದುಕೊಂಡರೆ ಬ್ಯಾಚ್ ಹೊರಗೆ ಹೋಗುತ್ತದೆ.

ನಾನು ಸೇರಿ ಮೂರನೇ ವರ್ಷದ ಮಾತು. ಆ ದಿನ ಸಂಜೆಯೊಳಗೆ ಮಾಲು ಹೊರಡಬೇಕಿತ್ತು. 28 ಲಾಕ್ ಪಾಸಾದವು. ಎರಡು ಮಾತ್ರ ಹೇಳಿದ ಭಾರ ಮುಟ್ಟುವ ಮೊದಲೇ ಬಿಟ್ಟುಕೊಂಡವು. ಫಿಕ್ಸ್ಚರ್ ಅಲ್ಲಾಡಿಸಿ ನೋಡಿದೆ. ಒಂದು ಬೋಲ್ಟ್ ಸ್ವಲ್ಪ ಸಡಿಲ ಅನ್ನಿಸಿತು. ಬಿಗಿ ಮಾಡಿದೆ. ರಿಜಿಸ್ಟರಿನಲ್ಲಿ "ಫಿಕ್ಸ್ಚರ್ ದೋಷ, ಎರಡು ರೀಡಿಂಗ್ ಕೈಬಿಡಲಾಗಿದೆ" ಎಂದು ಬರೆದೆ. ಬೇರೆ ಎರಡು ಲಾಕ್ ತಂದು ಪರೀಕ್ಷೆ ಮಾಡಿದೆ. ಅವು ಪಾಸಾದವು. 30ಕ್ಕೆ 30.

ನಮ್ಮ ವಿಭಾಗದ ಹಿರಿಯ ಮೇಡಂ ಸಹಿ ಹಾಕುವ ಮುಂಚೆ ಪೂರ್ತಿ ಓದುವವರು. ಆ ಸಾಲಿನ ಹತ್ತಿರ ನಿಂತರು. ಬೈಯಲಿಲ್ಲ. "ಆ ಎರಡೂ ಪಾಸಾಗಿದ್ದರೆ ಫಿಕ್ಸ್ಚರ್ ನೋಡ್ತಿದ್ರಾ?" ಎಂದು ಕೇಳಿದರು, ಅಷ್ಟೇ.

ನೋಡುತ್ತಿರಲಿಲ್ಲ. ಉತ್ತರ ನನಗೆ ಆ ಕ್ಷಣವೇ ಗೊತ್ತಿತ್ತು.

ಇಲ್ಲಿ ಒಂದು ವಿಷಯ ಬಿಡಿಸಿ ಹೇಳಬೇಕು. ನಾನು ಸುಳ್ಳು ಬರೆದಿರಲಿಲ್ಲ. ಬೋಲ್ಟ್ ನಿಜವಾಗಿಯೂ ಸ್ವಲ್ಪ ಸಡಿಲ ಇತ್ತು. ಆದರೆ ಅದೇ ಸಡಿಲ ಬೋಲ್ಟಿನ ಮೇಲೆ ಮುಂಚಿನ 28 ಲಾಕ್‌ಗಳೂ ಕೂತಿದ್ದವು. ಅವು ಪಾಸಾದಾಗ ನನಗೆ ಬೋಲ್ಟ್ ನೆನಪಾಗಲಿಲ್ಲ. ಬೇಡದ ಫಲಿತಾಂಶ ಬಂದಾಗ ಮಾತ್ರ ಕಾರಣ ಹುಡುಕಿದೆ. ಹುಡುಕಿದರೆ ಒಂದು ಕಾರಣ ಸಿಗದೇ ಇರುತ್ತದಾ? ನಾನು ಯೋಚನೆ ಮಾಡಿದ್ದೇನೆ ಎಂದುಕೊಂಡಿದ್ದೆ. ಮಾಡಿದ್ದು ಯೋಚನೆಯಲ್ಲ, ಮೊದಲೇ ಆಗಿಹೋದ ತೀರ್ಮಾನಕ್ಕೆ ಸಾಕ್ಷಿ ಜೋಡಿಸುವ ಕೆಲಸ.

ಬ್ಯಾಚ್ ತಡೆಹಿಡಿದರು. ಇನ್ನಷ್ಟು ಲಾಕ್ ತೆಗೆದು ನೋಡಿದೆವು. ಕೆಲವು ಪ್ಲೇಟುಗಳಲ್ಲಿ ರಿವೆಟ್ ಕೂರುವ ತೂತು ಅಳತೆಗಿಂತ ದೊಡ್ಡದಾಗಿತ್ತು. ಡ್ರಿಲ್ ಬಿಟ್ ಅಲುಗಾಡಿತ್ತು. ಫಿಕ್ಸ್ಚರಿಗೂ ಆ ಎರಡು ಲಾಕ್ ಬಿಟ್ಟುಕೊಂಡಿದ್ದಕ್ಕೂ ಸಂಬಂಧವೇ ಇರಲಿಲ್ಲ.

ಈ ತಪ್ಪು ದೊಡ್ಡ ದೊಡ್ಡವರೂ ಮಾಡಿದ್ದಾರೆ. 1986ರ ಜನವರಿ 28ರಂದು ಚಾಲೆಂಜರ್ ಬಾಹ್ಯಾಕಾಶ ನೌಕೆ ಹಾರಿದ 73 ಸೆಕೆಂಡಿಗೆ ಒಡೆದು ಏಳು ಜನ ಸತ್ತರು. ರಾಕೆಟ್ ಬೂಸ್ಟರಿನ ಜೋಡಣೆಯಲ್ಲಿದ್ದ ರಬ್ಬರ್ ಉಂಗುರ ಚಳಿಗೆ ಗಡುಸಾಗಿ, ಜಾಗ ತುಂಬದೆ ಬಿಸಿ ಅನಿಲ ಹೊರಬಿಟ್ಟಿತ್ತು. ಹಿಂದಿನ ರಾತ್ರಿಯೇ ಬೂಸ್ಟರ್ ತಯಾರಿಸಿದ ಮಾರ್ಟನ್ ಥಯೋಕಾಲ್ ಕಂಪನಿಯ ಎಂಜಿನಿಯರುಗಳು, ಸುಮಾರು 12 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಹಾರಿಸಬೇಡಿ ಎಂದು ಫೋನ್ ಸಭೆಯಲ್ಲಿ ಹೇಳಿದ್ದರು. ಚರ್ಚೆ ನಡೆದಿದ್ದು ಮುಖ್ಯವಾಗಿ ಉಂಗುರಕ್ಕೆ ಹಾನಿಯಾದ ಹಾರಾಟಗಳ ಮೇಲೆ. ಹಾನಿ ಚಳಿಯಲ್ಲೂ ಆಗಿತ್ತು, ಬಿಸಿಲಲ್ಲೂ ಆಗಿತ್ತು. ಹಾಗಾಗಿ ಚಳಿಗೂ ಹಾನಿಗೂ ಸಂಬಂಧ ಇಲ್ಲ ಅನ್ನಿಸುತ್ತಿತ್ತು. ಹಾನಿಯಾಗದ ಹಾರಾಟಗಳನ್ನೂ ಪಕ್ಕದಲ್ಲಿಟ್ಟು ನೋಡಿದರೆ ಚಿತ್ರವೇ ಬೇರೆ. ಅವೆಲ್ಲ ನಡೆದಿದ್ದು 18 ಡಿಗ್ರಿಗಿಂತ ಮೇಲೆ. ಅದಕ್ಕಿಂತ ಕೆಳಗೆ ಹಾರಿದ ಪ್ರತಿ ಸಲವೂ ಹಾನಿಯಾಗಿತ್ತು.

ಅಂದರೆ ಅವರು ಹೊರಗಿಟ್ಟದ್ದು ಒಳ್ಳೆಯ ಫಲಿತಾಂಶಗಳನ್ನು, ನಾನು ಹೊರಗಿಟ್ಟದ್ದು ಕೆಟ್ಟವನ್ನು. ಎರಡರಲ್ಲೂ ಕಣ್ಣಿಗೆ ಬಿದ್ದದ್ದು ಅರ್ಧ ಚಿತ್ರ. ಆ ಸಭೆಯಲ್ಲಿ ಇನ್ನೊಂದು ಆಯಿತು. ಕಂಪನಿಯ ಹಿರಿಯ ಅಧಿಕಾರಿಯೊಬ್ಬರು ಎಂಜಿನಿಯರಿಂಗ್ ಮುಖ್ಯಸ್ಥರಿಗೆ, ಎಂಜಿನಿಯರ್ ಟೋಪಿ ತೆಗೆದಿಟ್ಟು ಮ್ಯಾನೇಜ್‌ಮೆಂಟ್ ಟೋಪಿ ಹಾಕಿಕೊಳ್ಳಿ ಎಂದರು. ಹಾರಿಸಬೇಡಿ ಎಂದಿದ್ದ ಸಲಹೆ ಹಾರಿಸಬಹುದು ಎಂದಾಯಿತು. ಮಾಮೂಲಾಗಿ ಕೇಳಬೇಕಾದ್ದು "ಸುರಕ್ಷಿತ ಅಂತ ತೋರಿಸಿ" ಎಂದು. ಆ ರಾತ್ರಿ ಅದು "ಅಪಾಯ ಅಂತ ಸಾಬೀತು ಮಾಡಿ" ಎಂದಾಯಿತು. ನಮ್ಮ ಮೀಟಿಂಗುಗಳಲ್ಲಿ ಈಗ ನಾನು ಜಾಸ್ತಿ ಗಮನ ಇಡುವುದು ಇದರ ಮೇಲೆಯೇ. ಸಾಬೀತು ಮಾಡುವ ಹೊರೆ ಯಾರ ತಲೆ ಮೇಲಿದೆ? ಯಾವಾಗ ಅದು ಒಬ್ಬರಿಂದ ಇನ್ನೊಬ್ಬರಿಗೆ ದಾಟಿತು? ಸಾಮಾನ್ಯವಾಗಿ ಅದು ಮಾಲು ಹೊರಡುವ ಹೊತ್ತಿಗೇ ದಾಟುತ್ತದೆ.

30ಕ್ಕೆ 30 ಎಂಬುದನ್ನೂ ನಾನು ಅಲ್ಲಿಯವರೆಗೆ ಸರಿಯಾಗಿ ಅರ್ಥ ಮಾಡಿಕೊಂಡಿರಲಿಲ್ಲ. ಲೆಕ್ಕ ಹಾಕಿ ನೋಡಿ. ಬ್ಯಾಚಿನಲ್ಲಿ ನೂರಕ್ಕೆ 5 ಲಾಕ್ ದುರ್ಬಲ ಇವೆ ಎಂದಿಟ್ಟುಕೊಳ್ಳಿ. 30 ತೆಗೆದಾಗ ಅದರಲ್ಲಿ ಒಂದೂ ಸಿಗದಿರುವ ಸಾಧ್ಯತೆ 0.95 ಅನ್ನು 30 ಸಲ ಗುಣಿಸಿದಷ್ಟು, ಸುಮಾರು 21%. ಐದು ಸಲಕ್ಕೆ ಒಂದು ಸಲ ಅಂಥ ಬ್ಯಾಚ್ ಪೂರ್ತಿ ಪಾಸಾಗಿ ಹೋಗುತ್ತದೆ. ಸಂಖ್ಯಾಶಾಸ್ತ್ರದವರು ಒಂದು ಸುಲಭ ಸೂತ್ರ ಹೇಳುತ್ತಾರೆ: ಒಂದೂ ಫೇಲ್ ಆಗದಿದ್ದರೆ 3 ಅನ್ನು ಸ್ಯಾಂಪಲ್ ಸಂಖ್ಯೆಯಿಂದ ಭಾಗಿಸಿ. 30ಕ್ಕೆ ಅದು 10%. ದೋಷ ಅಷ್ಟರವರೆಗೂ ಇರಬಹುದು, 95% ಭರವಸೆಯಿಂದ ಹೇಳಬಹುದಾದ್ದು ಅಷ್ಟೇ. ಒಂದೂ ಕೆಡದಿದ್ದಾಗಲೇ ಇಷ್ಟು ಅನುಮಾನ ಉಳಿಯುತ್ತದೆ ಎಂದರೆ, ಕಣ್ಣೆದುರಿಗೆ ಕೆಟ್ಟ ಎರಡನ್ನು ತೆಗೆದುಹಾಕುವುದು ಎಷ್ಟು ದೊಡ್ಡ ವಿಷಯ ಅಲ್ವಾ?

ಆಮೇಲಿಂದ ನಮ್ಮಲ್ಲಿ ಒಂದು ಪದ್ಧತಿ ಬಂತು. ಯಾವ ಕಾರಣಕ್ಕೆ ರೀಡಿಂಗ್ ಕೈಬಿಡಬಹುದು ಎಂಬುದನ್ನು ಪರೀಕ್ಷೆ ಶುರುವಾಗುವ ಮೊದಲೇ ಬರೆದಿಡುತ್ತೇವೆ. ಕೈಬಿಡುವುದೇ ತಪ್ಪು ಎಂದಲ್ಲ. ಕರೆಂಟ್ ಹೋಗುತ್ತದೆ, ಭಾರ ಅಳೆಯುವ ಲೋಡ್ ಸೆಲ್ ಕೈಕೊಡುತ್ತದೆ. ಆದರೆ ನಿಯಮ ಮೊದಲು ಬರಬೇಕು, ಫಲಿತಾಂಶ ಆಮೇಲೆ. ಫಿಕ್ಸ್ಚರ್ ಸಡಿಲ ಎಂದು ಗೊತ್ತಾದರೆ ಫೇಲಾದವಷ್ಟೇ ಅಲ್ಲ, ಅದರ ಮೇಲೆ ಪಾಸಾದವೂ ಲೆಕ್ಕಕ್ಕಿಲ್ಲ. ಎಲ್ಲ ಮೊದಲಿಂದ.

ಹೊಸಬರು ಸೇರಿದಾಗ ನಾನು ಅವರಿಗೆ ಒಂದು ಆಟ ಆಡಿಸುತ್ತೇನೆ. 1960ರಲ್ಲಿ ಮನಶ್ಶಾಸ್ತ್ರಜ್ಞ ಪೀಟರ್ ವೇಸನ್ ಮಾಡಿದ ಪ್ರಯೋಗ ಅದು. 2, 4, 6 ಎಂಬ ಮೂರು ಸಂಖ್ಯೆ ಒಂದು ನಿಯಮಕ್ಕೆ ಒಪ್ಪುತ್ತವೆ. ನೀವು ಬೇರೆ ಮೂರು ಮೂರು ಸಂಖ್ಯೆ ಹೇಳುತ್ತಾ ಹೋಗಿ, ಒಪ್ಪುತ್ತದಾ ಇಲ್ಲವಾ ಹೇಳುತ್ತೇನೆ, ನಿಯಮ ಕಂಡುಹಿಡಿಯಿರಿ. ಎಲ್ಲರೂ 8, 10, 12 ಎನ್ನುತ್ತಾರೆ. ಒಪ್ಪುತ್ತದೆ. 20, 22, 24. ಒಪ್ಪುತ್ತದೆ. "ಎರಡೆರಡು ಕೂಡುತ್ತಾ ಹೋಗುವುದು" ಎಂದು ಧೈರ್ಯವಾಗಿ ಹೇಳುತ್ತಾರೆ. ನಿಯಮ ಅದಲ್ಲ. ಸಂಖ್ಯೆ ಏರುತ್ತಾ ಹೋಗಬೇಕು, ಅಷ್ಟೇ. 1, 7, 50 ಎಂದು ಒಮ್ಮೆ ಕೇಳಿದ್ದರೆ ತಮ್ಮ ಊಹೆ ಸರಿಯಿಲ್ಲ ಎಂದು ತಿಳಿದುಬಿಡುತ್ತಿತ್ತು. ತಮ್ಮ ಊಹೆಯನ್ನು ಮುರಿಯುವ ಪ್ರಶ್ನೆ ಯಾರಿಗೂ ಸುಲಭಕ್ಕೆ ಬಾಯಿಗೆ ಬರುವುದಿಲ್ಲ. ಅದನ್ನು ಅಭ್ಯಾಸ ಮಾಡಬೇಕು. ಈಗ ಪ್ರತಿ ವರದಿಯ ಕೊನೆಗೆ ನಾವು ಒಂದು ಸಾಲು ಬರೆಯುತ್ತೇವೆ: ಏನು ಕಂಡರೆ ಈ ತೀರ್ಮಾನ ಬದಲಿಸುತ್ತೇನೆ? ಆ ಸಾಲು ತುಂಬಲು ಆಗದಿದ್ದರೆ ಇನ್ನೂ ಯೋಚಿಸಿಲ್ಲ ಎಂದೇ ಅರ್ಥ.

ಇದೆಲ್ಲ ಬರೀ ಯೋಚನೆಯ ವಿಷಯ, ನೀತಿ ಬೇರೆ ಎಂದು ಅನ್ನಿಸಬಹುದು. ನನಗೆ ಹಾಗೆ ಬೇರ್ಪಡಿಸಲು ಆಗುತ್ತಿಲ್ಲ. ಮೇಡಂ ಅವತ್ತು ಇನ್ನೊಂದು ಮಾತು ಹೇಳಿದ್ದರು. "ಕೈಬಿಡಲಾಗಿದೆ ಅಂತ ಯಾಕೆ ಬರೆದ್ರಿ? ಯಾರು ಬಿಟ್ಟರು?" ಎಂದು. "ನಾನು ಕೈಬಿಟ್ಟೆ" ಎಂದು ತಿದ್ದಿ ಬರೆಯಲು ಪೆನ್ ಹಿಡಿದರೆ ಕೈ ಓಡಲಿಲ್ಲ. "ಕೈಬಿಡಲಾಗಿದೆ" ಎಂಬಲ್ಲಿ ಮಾಡಿದವರು ಯಾರೂ ಇಲ್ಲ. "ನಾನು" ಎಂದ ಕೂಡಲೇ ಏಣಿ ಹತ್ತುವವರು ಕಾಣಿಸತೊಡಗಿದರು. ಬಲ್ಬ್ ಬದಲಿಸಲು ಮೇಲೆ ನಿಂತವರು, ಗೋಡೆಗೆ ಬಣ್ಣ ಬಳಿಯುವವರು. ಮಾಲು ತಡವಾದರೆ ಬೈಗುಳ ನನಗೆ. ಲಾಕ್ ಬಿಟ್ಟುಕೊಂಡರೆ ಬೀಳುವವರು ಅವರು. ನಾನು ತೆಗೆದುಕೊಂಡ ತೀರ್ಮಾನದ ಬೆಲೆ ತೆರುವವರು ಆ ಕೋಣೆಯಲ್ಲೇ ಇರಲಿಲ್ಲ.

ಅಮೆರಿಕದ ಮನಶ್ಶಾಸ್ತ್ರಜ್ಞ ಜೇಮ್ಸ್ ರೆಸ್ಟ್, ನೈತಿಕ ನಡತೆಗೆ ನಾಲ್ಕು ಭಾಗ ಇದೆ ಎಂದಿದ್ದರು. ಇಲ್ಲೊಂದು ನೀತಿಯ ಪ್ರಶ್ನೆ ಇದೆ ಎಂದು ಕಾಣುವುದು, ಸರಿ ಯಾವುದೆಂದು ತೂಗುವುದು, ಅದಕ್ಕೇ ಮೊದಲ ಜಾಗ ಕೊಡುವುದು, ಕೊನೆಗೆ ಮಾಡಿ ತೋರಿಸುವುದು. ನಾನು ಎಡವಿದ್ದು ಮೊದಲನೆಯದರಲ್ಲೇ. ಅದು ನನಗೆ ನೀತಿಯ ಪ್ರಶ್ನೆ ಎಂದೇ ಅನ್ನಿಸಿರಲಿಲ್ಲ, ಬೋಲ್ಟಿನ ಪ್ರಶ್ನೆ ಅನ್ನಿಸಿತ್ತು.

ಕಾಣುವುದೊಂದೇ ಸಾಲದು ಎಂಬುದಕ್ಕೆ ನಮ್ಮ ತಂಡದಲ್ಲಿ ಪದೇ ಪದೇ ಚರ್ಚೆಗೆ ಬರುವ ಒಂದು ಪ್ರಸಂಗ ಇದೆ. 1978ರಲ್ಲಿ ವಿಲಿಯಂ ಲೆಮೆಷರಿಯರ್ ಎಂಬ ಎಂಜಿನಿಯರಿಗೆ, ತಾವೇ ವಿನ್ಯಾಸ ಮಾಡಿದ ನ್ಯೂಯಾರ್ಕಿನ 59 ಮಹಡಿಯ ಸಿಟಿಕಾರ್ಪ್ ಕಟ್ಟಡ ಮೂಲೆಯಿಂದ ಬೀಸುವ ಬಲವಾದ ಗಾಳಿಗೆ ತಡೆಯದೇ ಇರಬಹುದು ಎಂದು ಗೊತ್ತಾಯಿತು. ಬೆಸುಗೆ ಹಾಕಬೇಕಿದ್ದ ಜೋಡಣೆಗಳಿಗೆ ಬೋಲ್ಟ್ ಹಾಕಿದ್ದರು. ಅವರು ಮುಚ್ಚಿಡಲಿಲ್ಲ, ಮಾಲೀಕರಿಗೆ ತಿಳಿಸಿದರು. ರಾತ್ರಿ ಹೊತ್ತು ಉಕ್ಕಿನ ಪ್ಲೇಟ್ ಬೆಸೆದು ಸರಿಪಡಿಸಿದರು. ಆದರೆ ಜನರಿಗೆ ಈ ವಿಷಯ ತಿಳಿದದ್ದು 1995ರಲ್ಲಿ. ಕೆಲವರಿಗೆ ಅವರು ಆದರ್ಶ. ನನಗೆ ಅರ್ಧ ಮಾತ್ರ ಸರಿ ಅನ್ನಿಸುತ್ತದೆ. ಆ ಕಟ್ಟಡದಲ್ಲಿ, ಅದರ ಸುತ್ತಮುತ್ತ ಇದ್ದವರಿಗೆ ತಮ್ಮ ಅಪಾಯ ತಿಳಿಯುವ ಹಕ್ಕಿತ್ತು. ಗಾಬರಿಯಾಗಿ ಓಡಿದ್ದರೆ ಏನು ಗತಿ ಎಂದು ನನ್ನ ಸಹೋದ್ಯೋಗಿ ವಾದಿಸುತ್ತಾರೆ. ಅವರ ಮಾತಿನಲ್ಲೂ ತೂಕ ಇದೆ. ಈ ಚರ್ಚೆ ಮುಗಿದಿಲ್ಲ, ಮುಗಿಯಬೇಕಾಗಿಯೂ ಇಲ್ಲ. ಇಂಥದ್ದನ್ನು ಒತ್ತಡ ಇಲ್ಲದ ಹೊತ್ತಿನಲ್ಲಿ ಮಾತಾಡಿಟ್ಟುಕೊಂಡರೆ, ಒತ್ತಡದ ಹೊತ್ತಿಗೆ ಮಾತು ಹೊಸದಾಗಿ ಹುಡುಕಬೇಕಾಗುವುದಿಲ್ಲ.

ಹೋದ ತಿಂಗಳು ನಾನೇ ಒಂದು ವರದಿ ಬರೆದು ಕಿರಿಯ ಹುಡುಗಿಯೊಬ್ಬಳ ಕೈಗೆ ಕೊಟ್ಟೆ. ಅವಳು ಸೇರಿ ಏಳು ತಿಂಗಳು. ಎರಡನೇ ಪುಟದಲ್ಲಿ ನಿಂತಳು. "ಸರ್, ಇಲ್ಲಿ ಒಂದು ಲಾಕ್ 'ಪರಿಗಣಿಸಲಾಗಿಲ್ಲ' ಅಂತಿದೆ. ಯಾರು ಪರಿಗಣಿಸಲಿಲ್ಲ?" ಎಂದಳು. ಕೇಳುವಾಗ ಅವಳ ದನಿ ಸ್ವಲ್ಪ ನಡುಗುತ್ತಿತ್ತು. ನಾನು ವರದಿ ವಾಪಸ್ ತಗೊಂಡೆ. ಇಬ್ಬರೂ ಟೆಸ್ಟ್ ರೂಮಿಗೆ ಹೋಗಿ ಆ ಲಾಕನ್ನು ಮತ್ತೆ ಕೈಗೆತ್ತಿಕೊಂಡೆವು.